ಬೀಗರಿಗೆ ಬಿದ್ದ ಬೀಗ

ಬಾಗಿಲು ಮೇಸ್ತ್ರಿ ತಮ್ಮ ಮೂವತ್ತು ವರ್ಷದ ಕಸುಬಿನಲ್ಲಿ ಯಾರನ್ನೂ ಕೂಡಿಹಾಕಿದವರಲ್ಲ. ಕೊನೆಗೆ ಕೂಡಿಹಾಕಿದ್ದು ಸ್ವಂತ ಬೀಗರನ್ನು. ಅದೂ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಹೆಂಡತಿ, ಮಗ ಮತ್ತು ನಾಯಿಯ ಸಮೇತ. ಮುನ್ನೂರ ಎಂಬತ್ತು ಕಿಲೋ ತೂಕದ ಉಕ್ಕಿನ ಬಾಗಿಲು ಟಕ್ಕೆಂದು ಕಚ್ಚಿಕೊಂಡಿತು. ಒಳಗಿನವರು ಹಿಡಿಗಾಗಿ ತಡಕಾಡಿದರು. ಬಾಗಿಲಿನ ಒಳಮೈ ಬೋಳುತಲೆಯಷ್ಟು ನುಣುಪಾಗಿತ್ತು. ತೆರೆಯುವ ಚಕ್ರ ಇದ್ದದ್ದು ಹೊರಗೆ. ಚಕ್ರದ ಪಕ್ಕದಲ್ಲಿ ನಿಂತಿದ್ದವಳು ಮೇಸ್ತ್ರಿಯ ಮಗಳು, ಅಂದರೆ ಆ ಮನೆಯ ಸೊಸೆ.

ಇಷ್ಟಕ್ಕೆಲ್ಲ ಕಾರಣ ಒಂದು ಛತ್ರಿ.

ಸೊಸೆಯ ಮಾವನಿಗೆ ಟೈಲ್ಸ್ ಅಂಗಡಿ, ಎರಡಂತಸ್ತಿನ ಮನೆ, ಒಬ್ಬ ಮಗ, ಒಂದು ನಾಯಿ. ಬೀಗರಾದ್ದರಿಂದ ಬೀಗುತ್ತಾರೋ, ಬೀಗುವುದಕ್ಕೆಂದೇ ಬೀಗರಾದರೋ ಎಂಬುದು ಸೊಸೆಗೆ ಮೂರು ವರ್ಷದಿಂದ ಬಗೆಹರಿದಿರಲಿಲ್ಲ. ಮೆಟ್ಟಿಲ ಮೇಲೆ ಒಣಗಲು ಬಿಟ್ಟಿದ್ದ ಛತ್ರಿ ಕಾಣೆಯಾದ ದಿನವೇ ಮಾವ, ಮನೆಗೊಂದು ಭದ್ರಕೋಣೆ ಬೇಕೆಂದು ತೀರ್ಮಾನಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದುಂಟು. ಇಲ್ಲಿ ಕೊಳ್ಳೆ ಹೋದದ್ದು ಛತ್ರಿ, ಬಾಗಿಲು ಮಾತ್ರ ಕೋಟೆಯದೇ. ಕಳ್ಳರು ನುಗ್ಗಿದರೆ ಓಡಿಹೋಗಿ ಕೂರಲು ಮಹಡಿಯ ಉಗ್ರಾಣ ಗುಟ್ಟಿನ ಕೋಣೆಯಾಗಬೇಕು. ಗುಟ್ಟು ಎಂಥ ಗುಟ್ಟೆಂದರೆ, ಹಾಲಿನವನಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲರಿಗೂ ಮಾವ ಖುದ್ದಾಗಿ ತಿಳಿಸಿ ಬಂದರು.

"ಹೊರಗಿನವರಿಗೆ ಯಾಕೆ ಕೊಡೋದು? ನಮ್ಮ ಬೀಗರೇ ಬೀಗದವರಲ್ವಾ" ಎಂದು ತಮ್ಮ ಮಾತಿಗೆ ತಾವೇ ನಕ್ಕು ಮೇಸ್ತ್ರಿಗೆ ಹೇಳಿಕಳಿಸಿದರು.

ಮೇಸ್ತ್ರಿ ಅಲ್ಲಿಯವರೆಗೆ ಬಾಗಿಲು ಕೂರಿಸಿದ್ದೆಲ್ಲ ಬ್ಯಾಂಕುಗಳ ತಿಜೋರಿ ಕೋಣೆಗಳಿಗೆ. ಅವರು ಕೂರಿಸಿದ ಬಾಗಿಲನ್ನು ಕಿರುಬೆರಳಿನಿಂದ ತಿರುಗಿಸಬಹುದು. ಅವರ ಬಾಯಿ ತೆರೆಸಲು ಹಾರೆ ಬೇಕು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಎಲ್ಲರೂ ಏನೇನೋ ಬುದ್ಧಿ ಹೇಳಿದರು. ಮೇಸ್ತ್ರಿ ಹೇಳಿದ್ದು "ಬೆರಳು ಜೋಪಾನ" ಎಂದಷ್ಟೆ. ಕಾರಿನ ಕದ ಮುಚ್ಚುವುದರಲ್ಲಿತ್ತು.

ಅಳತೆಗೆ ಬಂದ ದಿನ ಅಳಿಯ ಟೇಪಿನ ಒಂದು ತುದಿ ಹಿಡಿದು ನಿಂತ. ಮಾವ ಉಗ್ರಾಣದ ನೆಲದಲ್ಲಿ ಸೀಮೆಸುಣ್ಣದಿಂದ ನಾಲ್ಕು ಚೌಕ ಎಳೆದರು.

"ಇದು ನನ್ನ ಕುರ್ಚಿ. ಇದು ಇವಳದು. ಇದು ಮಗಂದು. ಇದು ನಾಯೀದು."

"ನನ್ನದು ಎಲ್ಲಿ ಮಾವ?" ಎಂದಳು ಸೊಸೆ.

"ಒಳಗೆ ಫೋನಿಗೆ ಸಿಗ್ನಲ್ ಸಿಗಲ್ಲಮ್ಮ. ಹೊರಗಿಂದ ಬಾಗಿಲು ತಳ್ಳಿ, ಪೊಲೀಸರಿಗೆ ಫೋನ್ ಮಾಡೋರು ಒಬ್ಬರು ಬೇಕಲ್ಲ."

"ನಾಯಿ ಹೊರಗಿದ್ರೆ ಬೊಗಳಾದ್ರೂ ಬೊಗಳುತ್ತೆ."

"ಬೊಗಳುತ್ತೆ, ನಿಜ. ಫೋನ್ ಮಾಡೋಕೆ ಬರಲ್ವಲ್ಲ."

"ಅಪ್ಪ ಹೇಳೋದ್ರಲ್ಲೂ ಲಾಜಿಕ್ ಇದೆ ಕಣೆ" ಎಂದ ಗಂಡ, ಟೇಪಿನ ತುದಿಯಿಂದ.

ಸೊಸೆ ಅಪ್ಪನ ಮುಖ ನೋಡಿದಳು. ಒಂದು ಮಾತು, ಒಂದೇ ಒಂದು ಮಾತು ಆಡಲಿ. ಮೇಸ್ತ್ರಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಗಾಳಿ ಪೈಪು ಎರಡಿಂಚು ಸಾಕಾ, ಮೂರು ಬೇಕಾ ಬೀಗರೇ?" ಎಂದರು. ಈ ಮನೆಯಲ್ಲಿ ತಾನು ಒಳಗಿನವಳೋ ಹೊರಗಿನವಳೋ ಎಂಬ ಅನುಮಾನ ಅವಳಿಗೆ ಮೊದಲಿನಿಂದಲೂ ಇತ್ತು. ಈಗ ನಕ್ಷೆಯ ಸಮೇತ ಉತ್ತರ ಸಿಕ್ಕಿತು. ತನ್ನನ್ನು ಹೊರಗಿಡುವ ಬಾಗಿಲನ್ನು ಹೆತ್ತ ಅಪ್ಪನೇ ಮಟ್ಟಸವಾಗಿ ಕೂರಿಸಿಕೊಡುತ್ತಾರೆ ಎಂಬುದು ಅದರ ಮೇಲಿನ ಒಗ್ಗರಣೆ.

ಕೆಲಸ ಹದಿನೆಂಟು ದಿನ ನಡೆಯಿತು. ಗೋಡೆಗೆ ಹನ್ನೆರಡು ತೂತು, ತೂತಿಗೊಂದು ಗೇಣುದ್ದದ ಬೋಲ್ಟು, ಚೌಕಟ್ಟಿನ ಸಂದಿಗೆ ಸಿಮೆಂಟು. ಮೇಸ್ತ್ರಿ ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಉಸಿರೂ ಬಿಡುತ್ತಿರಲಿಲ್ಲ. ಬಾಗಿಲು ಏರಿದ ಮೇಲೆ ಪಡಸಾಲೆಯ ಕಡೆಗೆ ಐದು ಕಡ್ಡಿಯ ಚಕ್ರ ಫಳಫಳ ಹೊಳೆಯಿತು.

"ಹಡಗಿನ ಚಕ್ರ ಇದ್ದ ಹಾಗಿದೆ. ಬಂದೋರಿಗೆಲ್ಲ ಎದ್ದು ಕಾಣುತ್ತೆ" ಎಂದು ಮಾವ ಅದನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು. ಆಚೆ ಬದಿಯಲ್ಲಿ ಏನಿದೆ ಎಂದು ನೋಡುವ ಸೌಜನ್ಯ ಯಾರಿಗೂ ಬರಲಿಲ್ಲ. ಸ್ಟ್ರಾಂಗ್ ರೂಮಿನಲ್ಲಿ ರಾಂಗ್ ಇದ್ದರೂ ಕಣ್ಣಿಗೆ ಬೀಳುವುದು ಸ್ಟ್ರಾಂಗ್ ಒಂದೇ.

ಭಾನುವಾರ ಮೇಸ್ತ್ರಿಯ ಎದುರಿಗೇ ಪರೀಕ್ಷೆ. "ಕಳ್ಳರು ಬಂದ್ರು ಅಂದ್ಕೊಳ್ಳಿ" ಎಂದು ಮಾವ ಎಲ್ಲರಿಗಿಂತ ಮೊದಲು ಒಳಗೆ ಓಡಿದರು. ಅತ್ತೆ, ಮಗ, ನಾಯಿ ಹಿಂಬಾಲಿಸಿದರು. ಸೊಸೆ ತನಗೆ ವಹಿಸಿದ ಕೆಲಸದಂತೆ ಬಾಗಿಲು ತಳ್ಳಿದಳು. ಸ್ವಲ್ಪ ಹೊತ್ತಿಗೆ ಗಾಳಿ ಪೈಪಿನಿಂದ ಮಾವನ ದನಿ ಬಂತು.

"ಏನಮ್ಮಾ, ಇಲ್ಲಿ ಚಕ್ರಾನೇ ಇಲ್ಲ."

"ಇಲ್ಲಿದೆ ಮಾವ."

"ಅಲ್ಲಿ ಯಾಕಿದೆ?"

"ಬಂದೋರಿಗೆ ಕಾಣೋಕೆ."

ಅವಳು ಅಪ್ಪನತ್ತ ತಿರುಗಿದಳು. ಮೇಸ್ತ್ರಿ ಚಿಂದಿಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ನೆಲ ನೋಡುತ್ತಿದ್ದರು. ಅವಳಿಗೆ ತಟ್ಟನೆ ಹೊಳೆಯಿತು. ಬಾಯಲ್ಲಿ ಆಡದ್ದನ್ನು ಅಪ್ಪ ಬಾಗಿಲಲ್ಲಿ ಆಡಿದ್ದರು. ಬೀಗವನ್ನು ಮಗಳ ಕೈಗೇ ಕೊಟ್ಟಿದ್ದರು. ಅವಳ ಬೆನ್ನು ನೆಟ್ಟಗಾಯಿತು. ಚಕ್ರದ ಮೇಲೆ ಕೈಯಿಟ್ಟಳು, ತಿರುಗಿಸಲಿಲ್ಲ.

"ಮಾವ, ಆ ನಾಲ್ಕನೇ ಕುರ್ಚಿ ಯಾರದು?"

ಪೈಪಿನೊಳಗೆ ಗುಸುಗುಸು ನಡೆಯಿತು. ಅತ್ತೆಯ ದನಿ ಕೇಳಿತು: "ಕೊಟ್ಟು ಸಾಯ್ರೀ, ಉಸಿರು ಕಟ್ಟುತ್ತಿದೆ."

"ನಿಂದೇ ಕಣಮ್ಮ" ಎಂದರು ಮಾವ.

"ನಾಯಿ?"

"ಮಡಿಲಲ್ಲಿ ಕೂರುತ್ತೆ."

"ಯಾರ ಮಡಿಲು?"

"ನಂದು" ಎಂದಿತು ಪೈಪು, ಬಹಳ ಸಣ್ಣ ದನಿಯಲ್ಲಿ.

ಅವಳು ಚಕ್ರ ತಿರುಗಿಸಿದಳು. ಮೊದಲು ನಾಯಿ ಹೊರಬಂತು, ಆಮೇಲೆ ಮರ್ಯಾದೆ ಸರಿಪಡಿಸಿಕೊಳ್ಳುತ್ತ ಮಾವ. "ನಾಳೆ ಬಿಚ್ಚಿ ತಿರುಗಿಸಿ ಕೂರಿಸ್ತೀನಿ ಬೀಗರೇ" ಎಂದಷ್ಟೇ ಹೇಳಿ ಮೇಸ್ತ್ರಿ ಸಲಕರಣೆ ಚೀಲ ಹೆಗಲಿಗೇರಿಸಿ ಇಳಿದುಹೋದರು.

ಮಗಳು ಗೇಟಿನವರೆಗೂ ಹಿಂದೆಯೇ ಓಡಿದಳು.

"ಅಪ್ಪಾ, ನನಗೋಸ್ಕರ ತಾನೇ ಚಕ್ರ ಹೊರಗಿಟ್ಟಿದ್ದು?"

ಮೇಸ್ತ್ರಿ ಚೀಲವನ್ನು ವ್ಯಾನಿನೊಳಗಿಟ್ಟು ತಲೆ ಕೆರೆದುಕೊಂಡರು.

"ಇಲ್ಲಮ್ಮ. ಇಷ್ಟು ದಿನ ಬ್ಯಾಂಕಿನ ದುಡ್ಡು ಕೂಡಿಹಾಕಿಯೇ ಅಭ್ಯಾಸ ನೋಡು. ಒಳಗೆ ಕೂರೋರು ಮನುಷ್ಯರು ಅನ್ನೋದು ನೆನಪಿಗೇ ಬರಲಿಲ್ಲ."