ಆಗದೇ ಹೋದ ಅಪಘಾತ

ಹರಾಜಿನಲ್ಲಿ ಕೊಂಡ ಹೊಗೆಸೊಪ್ಪಿನ ಬೇಲುಗಳು ಬಂದಿಳಿಯುವ ಕಾರ್ಖಾನೆಯೊಂದು ಪಿರಿಯಾಪಟ್ಟಣದಿಂದ ರಾವಂದೂರಿಗೆ ಹೋಗುವ ದಾರಿಯಲ್ಲಿದೆ. ಶಿವರುದ್ರಮ್ಮ ಅಲ್ಲಿ ಓಡುವ ಬೆಲ್ಟಿನ ಮುಂದೆ ನಿಂತು ಸೊಪ್ಪು ಆರಿಸುವ ಹೆಂಗಸು. ಯಾವುದನ್ನೇ ಆಗಲಿ ಯಾಕೆ ಎಂದು ಕೇಳದೆ ಬಿಡುವ ಜಾಯಮಾನ ಅವಳದಲ್ಲ. ಅತ್ತೆಯಂತೂ ಅವಳನ್ನು ಪೊಲೀಸಮ್ಮ ಎಂದೇ ಕರೆಯುತ್ತಿದ್ದಳು.

ಆ ದಿನ ಕೆಲಸ ಜೋರಾಗಿದ್ದಾಗ ಪಕ್ಕದಲ್ಲಿದ್ದ ಪ್ರೇಮಮ್ಮನ ಸೆರಗು ಬೆಲ್ಟಿನ ರೋಲರಿಗೆ ಸಿಕ್ಕಿ ಅವಳನ್ನು ಸರ್ರನೆ ಎಳೆಯಿತು. ಶಿವರುದ್ರಮ್ಮ ಅವಳ ಸೊಂಟ ತಬ್ಬಿ ಹಿಂದಕ್ಕೆ ಜಗ್ಗಿದಳು. ಸೆರಗು ಹರಿಯಿತು, ಪ್ರೇಮಮ್ಮ ಉಳಿದಳು.

"ಯಾರ್ಗೂ ಯೇಳ್ಬ್ಯಾಡ ಕಣಕ್ಕ," ಪ್ರೇಮಮ್ಮ ಹರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ ಅಂದಳು. "ಸೆರಗು ಸರ್ಯಾಗಿ ಸಿಗ್ಸ್ಕೊಳಕ್ ಬರಲ್ವಾ ಅಂತ ನನ್ಗೇ ಬೈತಾರೆ."

ಹಿಂದೆಲ್ಲ ಆಗುತ್ತಿದ್ದದ್ದು ಹಾಗೇ. ರಕ್ತ ಬಂದರೆ ಮಾತ್ರ ಅಪಘಾತ, ಇಲ್ಲದಿದ್ದರೆ ಬೈಗುಳ. ಆದರೆ ಹೋದ ವಾರ ಸುರಕ್ಷತಾ ಅಧಿಕಾರಿ ಶಶಿಕುಮಾರ್ ಎಲ್ಲರನ್ನೂ ಕೂರಿಸಿಕೊಂಡು, ಸುರಕ್ಷತೆಯ ಹಳೇ ಮಾನದಂಡ ಹೋಗಿ ಹೊಸದು ಬಂದಿದೆ, ಅದರಲ್ಲಿ ಕೆಲಸಗಾರರ ಮಾತಿಗೆ ತೂಕ ಜಾಸ್ತಿ, ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬಂದು ಹೇಳಬೇಕು ಎಂದಿದ್ದ. ಆಗದೇ ಹೋದ ಅಪಘಾತದಲ್ಲಿ ಈ ಅಧಿಕಾರಿಗಳಿಗೆ ಏನು ಸಿಗುತ್ತದೆ? ಅಂದಿನಿಂದ ಶಿವರುದ್ರಮ್ಮನ ತಲೆಯಲ್ಲಿ ಅದೇ ಕೊರೆಯುತ್ತಿತ್ತು.

"ಬೈದ್ರೆ ನಂಗೂ ಬೈಲಿ ಬುಡು, ಬಾ," ಎಂದು ಪ್ರೇಮಮ್ಮನ ಕೈ ಹಿಡಿದುಕೊಂಡೇ ಹೋಗಿ ಶಶಿಕುಮಾರ್‌ಗೆ ನಡೆದದ್ದನ್ನು ಹೇಳಿದಳು.

ಶಶಿಕುಮಾರ್ ಬೈಯಲಿಲ್ಲ. ಪ್ರೇಮಮ್ಮನಿಗೆ ನೀರು ಕೊಡಿಸಿ, ಬೆಲ್ಟ್ ನಿಲ್ಲಿಸಿ ಬಂದು ನೋಡಿದ. "ಸೀರೆ ಮೇಲೆ ಹಾಕ್ಕೊಳ್ಳೋಕೆ ಎಲ್ರಿಗೂ ಕೋಟು ಕೊಡ್ಸೋಣಮ್ಮ."

"ಕೊಡ್ಸಿ ಸಾ. ಆದ್ರೆ ಈ ರೋಲರ್ ಮೇಲೆ ಕಬ್ಬಿಣದ್ ಮುಚ್ಚಳ ಇತ್ತಲ್ವಾ? ಅದ್ಯಾಕೆ ಬಿಚ್ಚವ್ರೆ?"

ಅವನಿಗೂ ಕುತೂಹಲವಾಯಿತು. ಇಬ್ಬರೂ ಮೆಕ್ಯಾನಿಕ್ ಲಿಂಗಯ್ಯನನ್ನು ಹುಡುಕಿ ಕೇಳಿದರು.

"ನಾನೇ ಬಿಚ್ಚಿದ್ದು ಕಣವ್ವ," ಎಂದ ಲಿಂಗಯ್ಯ. "ರೋಲರ್‌ಗೆ ಅದೇನೋ ದಾರ ಸುತ್ಕೊಂಡು ಗಳಿಗೆಗೊಂದ್ಸಲ ನಿಂತೋಯ್ತದೆ. ಎಷ್ಟ್ ಸಲ ಅಂತ ಮುಚ್ಚಳ ತೆಗ್ದು ಹಾಕ್ಲಿ?"

ಶಿವರುದ್ರಮ್ಮ ರೋಲರಿಗೆ ಸುತ್ತಿಕೊಂಡಿದ್ದ ಒಂದು ಎಳೆ ಕಿತ್ತು ಬೆರಳಲ್ಲಿ ಹೊಸೆದು ನೋಡಿದಳು. ಬೇಲು ಹೊಲಿಯುವ ಗೋಣಿಹುರಿ. ಮೂವರೂ ಬೆಲ್ಟಿನ ಗುಂಟ ಹಿಂದಕ್ಕೆ ನಡೆದು ಬೇಲು ಬಿಚ್ಚುವ ಕಡೆ ಬಂದರು. ಅಲ್ಲಿ ಅವಸರಕ್ಕೆ ಹುರಿ ಕುಯ್ದು, ತುಂಡುಗಳ ಸಮೇತ ಸೊಪ್ಪು ಸುರಿದಿದ್ದರು.

"ಇದಕ್ಕೇ ಕಣಮ್ಮ ಕೇಳೋದು," ಎಂದ ಶಶಿಕುಮಾರ್. "ಏಟು ಬಿದ್ದಿದ್ರೆ ಇವತ್ತು ಎಲ್ರೂ ಆಸ್ಪತ್ರೆಗೆ ಓಡಿರ್ತಿದ್ವಿ. ಇಲ್ಲಿಗೆ ಯಾರು ಬರ್ತಿದ್ರು?"

ಇನ್ನು ಹುರಿ ಆಯ್ದು ತೆಗೆದ ಮೇಲೇ ಸೊಪ್ಪು ಸುರಿಯಬೇಕೆಂದು ಶಶಿಕುಮಾರ್ ಹೇಳಿದ. ಹಾಗೆ ಆಯುತ್ತಾ ನಿಂತರೆ ಕೆಲಸ ನಿಧಾನವಾಗುತ್ತದೆಂದು ಮ್ಯಾನೇಜರು ಗೊಣಗಿದರು. ಒಂದು ವಾರ ನೋಡೋಣ ಅಂದರು. ಆ ವಾರ ಬೆಲ್ಟ್ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ, ಗೊಣಗಾಟ ನಿಂತಿತು. ಮುಚ್ಚಳ ರೋಲರ್ ಮೇಲೆ ಕೂತಿತು, ಕೋಟುಗಳೂ ಬಂದವು.

ಪ್ರೇಮಮ್ಮ ಮಾತ್ರ ರೋಲರ್ ಪಕ್ಕದ ತನ್ನ ಜಾಗಕ್ಕೆ ಬರಲು ಅಂಜಿ ದೂರ ನಿಲ್ಲುತ್ತಿದ್ದಳು. ಶಿವರುದ್ರಮ್ಮ ಬಲವಂತ ಮಾಡಲಿಲ್ಲ, ತಾನೇ ಅಲ್ಲಿ ನಿಂತಳು. ಒಂದು ಬೆಳಿಗ್ಗೆ ಪ್ರೇಮಮ್ಮ ಬಂದು, ಮುಚ್ಚಳವನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡಿ, "ಸರ್ಕೊಳಕ್ಕ, ನನ್ ಜಾಗ ಇದು," ಅಂದಳು.