ವಾಪಸ್ ತರಿಸಿ ಕೊಟ್ಟ ದಾನ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ಶಹಾಬಾದಿನ ನಮ್ಮ ಡಾಕ್ಟರು. ಹೌದೆಂದು ತಲೆಯಾಡಿಸಿದವರು ಅವರ ಗೆಳೆಯರಾದ ಪಾದ್ರಿಗಳು. ಮುಂದೆ ನನ್ನನ್ನು ತಾವೇ ಓದಿಸಿದೆವೆಂದು ಮೈಕಿನಲ್ಲಿ ಹೇಳಿದವರೂ ಇವರಿಬ್ಬರೇ. ಅದಕ್ಕೇ ಅವರ ಮೊದಲಿನ ಮಾತನ್ನು ಮೊದಲು ಬರೆದಿಡುತ್ತಿದ್ದೇನೆ.

ಪಿಯುಸಿ ಪಾಸಾಗಿದ್ದೆ. ಅಪ್ಪನಿಗೆ ಸೂಜಿ ಮಾಡಿಸಲು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಮಷೀನಿನ ಮುಂದೆ ನಿಂತು ನಿಂತು ಅಪ್ಪ ಎದೆ ತುಂಬ ಕಲ್ಲಿನ ಪುಡಿ ತುಂಬಿಕೊಂಡಿದ್ದ. ನಾಲ್ಕು ಮಾತಾಡಿದರೆ ಎರಡು ಸಲ ನಿಲ್ಲಬೇಕು. ಸಂಜೆಯ ಹೊತ್ತು, ದವಾಖಾನೆಯ ಪಡಸಾಲೆಯಲ್ಲಿ ಎರಡು ಬೆತ್ತದ ಕುರ್ಚಿ ಹಾಕಿಕೊಂಡು ಡಾಕ್ಟರು, ಪಾದ್ರಿಗಳು ಚಹಾ ಕುಡಿಯುತ್ತಿದ್ದರು.

"ಸಾಬ್ರ, ಹುಡುಗೀನ ಕಲಬುರಗಿ ಕಾಲೇಜಿಗಿ ಹಚ್ಚಬೇಕಂತೀನ್ರಿ," ಎಂದ ಅಪ್ಪ.

"ಹಚ್ಚು, ಯಾರ್ ಬ್ಯಾಡಂದಾರ? ಆದ್ರ ಮುಗಸೂದು ಆಗೂದಲ್ಲ. ನಿಮ್ಮ ಮಂದ್ಯಾಗ ಯಾರ್ ಮುಗಿಸ್ಯಾರ ಹೇಳು ನೋಡೂಣ? ಒಂದ್ ವರ್ಷ ರೈಲಿನ್ಯಾಗ ತಿರಗಾಡ್ತಾಳ, ಆಮ್ಯಾಲ ನೀನೇ ಲಗ್ನ ಮಾಡಿ ಕಳಸ್ತಿ. ಏನಂತೀರಿ, ಪಾದ್ರಿ ಸಾಹೇಬ್ರ?"

ಪಾದ್ರಿಗಳು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲೇ ಬಾಯಿಗೆ ಹಾಕಿಕೊಂಡು ಹೇಳಿದರು: "ದೇವರ ಚಿತ್ತ. ಖರೇ ಅಂದ್ರ ಹೊಲಿಗಿ ಕಲಿಯೂದು ಛೊಲೋ, ಮಗಳೇ. ಮಷೀನ ಹೆಂಗೂ ನಿಮ್ಮ ಮನ್ಯಾಗ ಅದ. ನಾವೇ ಕೊಟ್ಟದ್ದು."

ಆ ಮಷೀನಿನ ಕಥೆ ಹೇಳದೆ ಇವರ ದಾನ ಯಾವ ಬಗೆಯದು ಎಂದು ತಿಳಿಯುವುದಿಲ್ಲ.

ಪ್ರಾರ್ಥನಾ ಮಂದಿರದ ಅಂಗಳದಲ್ಲಿ ವರ್ಷಕ್ಕೊಮ್ಮೆ ಪೆಂಡಾಲು ಹಾಕಿ ಇಬ್ಬರೂ ಸೇರಿ ಬಡವರಿಗೆ ಸಾಮಾನು ಕೊಡುತ್ತಿದ್ದರು. ಡಾಕ್ಟರು ತರಿಸುವುದು, ಪಾದ್ರಿಗಳು ಪ್ರಾರ್ಥನೆ ಮಾಡುವುದು, ಆಮೇಲೆ ಇವರು ಅವರಿಗೆ ಶಾಲು ಹೊದಿಸುವುದು, ಅವರು ಇವರಿಗೆ. ಅವ್ವ ಸತ್ತ ಮೇಲೆ ನನ್ನನ್ನು ಬೆಳೆಸಿದವಳು ಅತ್ತಿ, ಅಪ್ಪನ ಅಕ್ಕ. ಅವಳಿಗೆ ಒಂದು ವರ್ಷ ಹೊಲಿಗೆ ಮಷೀನು ಸಿಕ್ಕಿತು. ಆದರೆ ಅವತ್ತು ವಾಡಿಯ ಫೋಟೋದವನು ಯಾರದೋ ಮದುವೆಗೆ ಹೋಗಿಬಿಟ್ಟಿದ್ದ. ಫೋಟೋ ಇಲ್ಲದಿದ್ದರೆ ಇವರ ಲೆಕ್ಕದಲ್ಲಿ ಕೊಟ್ಟ ಹಾಗೇ ಅಲ್ಲ. ಮುಂದಿನ ಭಾನುವಾರ ಆಟೋ ಕಳಿಸಿ ಮಷೀನು ವಾಪಸ್ ತರಿಸಿದರು, ಮಾಲೆ ಹಾಕಿದರು, ಮತ್ತೆ ಕೊಟ್ಟರು. ಮರುವರ್ಷ ಸೇಡಂನಿಂದ ಒಬ್ಬ ದೊಡ್ಡ ಮನುಷ್ಯರು ಅತಿಥಿಯಾಗಿ ಬಂದರು. ಅವರ ಕೈಯಿಂದ ಕೊಡಿಸಲು ಏನಾದರೂ ದೊಡ್ಡದು ಬೇಕಲ್ಲ? ಮತ್ತೆ ಆಟೋ ಬಂತು.

ಆ ಸಲ ಅತ್ತಿ ಒಂದು ಕುಬ್ಸ ಅರ್ಧ ಹೊಲಿದಿಟ್ಟಿದ್ದಳು. ತೆಗೆಯಲು ಪುರುಸೊತ್ತು ಕೊಡದೆ ಹಾಗೇ ಎತ್ತಿಕೊಂಡು ಹೋದರು. ವೇದಿಕೆಯ ಮೇಲೆ ಹೊಸದೆಂಬಂತೆ ಮಾಲೆ ಹಾಕಿದ ಅದೇ ಮಷೀನು, ಸೂಜಿಯ ಕೆಳಗೆ ನೇತಾಡುವ ಹಸಿರು ತೋಳು. ಡಾಕ್ಟರು ಸ್ವಾವಲಂಬನೆಯ ಬಗ್ಗೆ ಮಾತಾಡುತ್ತಿದ್ದಾಗ ಹಿಂದಿನ ಸಾಲಿನಿಂದ ನಮ್ಮ ಓಣಿಯ ಹೆಂಗಸೊಬ್ಬಳು ಎದ್ದು ನಿಂತಳು.

"ಅಯ್ಯ, ಅದು ನನ್ನ ಕುಬ್ಸ ಅದಲ್ಲ! ನಾಡಿದ್ದ ನನ್ನ ತಂಗೀ ಲಗ್ನ ಅದ! ಅದನ್ನೂ ದಾನ ಮಾಡ್ಲಕತ್ತೀರೇನು?"

ಪೆಂಡಾಲು ನಕ್ಕಿತು. ಅವರಿಬ್ಬರೂ ಕೂಡ ನಕ್ಕರು, ತಮ್ಮನ್ನು ನೋಡಿ ನಗುತ್ತಿದ್ದಾರೆಂದು ಅವರಿಗೆ ತಿಳಿಯಲಿಲ್ಲ. ಮನೆಗೆ ಬಂದು ಅತ್ತಿ ಮಷೀನಿನ ಮಾಲೆ ತೆಗೆದು ಆಡಿನ ಮುಂದೆ ಎಸೆದಳು. "ನನಗ ಒಂದೇ ಲಗ್ನ ಆಗ್ಯಾದ. ಈ ಮಷೀನಿಗಿ ಮೂರು," ಎಂದಳು.

ಚಿಂಚೋಳಿಯ ಆಚೆ ಕುಂಚಾವರಂ ಕಡೆಯ ಕಾಡಿನ ಹಳ್ಳಿಗಳಿಗೆ ಔಷಧಿ ಶಿಬಿರಕ್ಕೆಂದು ಹೋದಾಗಲೂ ನಾನಿದ್ದೆ, ಹೆಸರು ಕೂಗಲು ಕರೆದುಕೊಂಡು ಹೋಗಿದ್ದರು. ಅಲ್ಲಿ ಮುಟ್ಟಿದ ಮೇಲೆ ಗೊತ್ತಾಯಿತು, ಬ್ಯಾನರು ಚಿಂಚೋಳಿಯ ಹೋಟೆಲಿನಲ್ಲೇ ಉಳಿದಿದೆ ಎಂದು. ಗುಳಿಗೆ ಇತ್ತು, ಸೂಜಿ ಇತ್ತು, ಡಾಕ್ಟರಿದ್ದರು. ಆದರೂ ಜೀಪು ತಿರುಗಿ ಹೋಗಿ ಬ್ಯಾನರು ತರುವವರೆಗೆ ಜ್ವರದ ಮಂದಿ ಮರದ ಬುಡದಲ್ಲಿ ಕುಳಿತಿದ್ದರು. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಮುದುಕಿ ತೆಲುಗಿನಲ್ಲಿ ನನ್ನನ್ನೇ ಕೇಳಿದಳು, ಜ್ವರಕ್ಕೂ ಬಟ್ಟೆಗೂ ಏನು ಸಂಬಂಧ ಎಂದು. ನಾನು ಡಾಕ್ಟರಿಗೆ ಹೇಳಿದೆ. "ಸ್ವಲ್ಪ ತಡಿ," ಎಂದರು. ಪಾದ್ರಿಗಳು ಕಣ್ಣು ಮುಚ್ಚಿ ಜೀಪಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು.

ಅವರ ಗೆಳೆತನ ಮಾತ್ರ ಖರೆ. ಇದನ್ನು ಬರೆಯದಿದ್ದರೆ ನಾನು ಓದಿದ್ದಕ್ಕೆ ಅವಮಾನ. ಪಾದ್ರಿಗಳ ಹೆಂಡತಿ ತೀರಿಹೋದಾಗ ಡಾಕ್ಟರು ದವಾಖಾನೆ ಮುಚ್ಚಿ ಅವರ ಮನೆಯಲ್ಲೇ ಮಲಗಿದರು, ತಾವೇ ಅನ್ನ ಕಲಸಿ ಕೊಟ್ಟರು ಎಂದು ಕೆಲಸದವಳು ಹೇಳಿದ್ದಳು. ಅವತ್ತು ಫೋಟೋದವನು ಇರಲಿಲ್ಲ. ಒಬ್ಬರಿಗೊಬ್ಬರು ಕೊಡುವುದು ಅವರಿಗೆ ಬರುತ್ತಿತ್ತು. ನಾವು ಬರೇ ತಬಕು, ಶಾಲು ಇಡುವ ತಟ್ಟೆ. ಒಬ್ಬರು ಇನ್ನೊಬ್ಬರಿಗೆ ಮರ್ಯಾದೆ ಒಪ್ಪಿಸುವಾಗ ಅದರ ಕೆಳಗೆ ಹಿಡಿಯಲು ಬೇಕಾಗಿದ್ದವರು.

ನಾನು ಕಾಲೇಜಿಗೆ ಹೋದೆ. ದಿನಾ ಪ್ಯಾಸೆಂಜರ್ ಗಾಡಿ, ನಿಂತುಕೊಂಡೇ ಓದು. ರೈಲಿನ ಪಾಸು ಅತ್ತಿಯ ಹೊಲಿಗೆಯಿಂದ, ಫೀಸು ಅಪ್ಪನ ಕೆಮ್ಮಿನಿಂದ. ಇವರು ಕೊಟ್ಟದ್ದು ಪುಸ್ತಕ. ಬಿ.ಎ. ಓದುವವಳಿಗೆ, ಡಾಕ್ಟರ ಮಗ ಓದಿ ಬಿಟ್ಟ ಜೀವಶಾಸ್ತ್ರದ ದಪ್ಪ ಪುಸ್ತಕಗಳು! ರಿಬ್ಬನ್ನು ಕಟ್ಟಿ ಕೊಟ್ಟರು. ಮರುವರ್ಷ ವಾಪಸ್ ತರಿಸಿ ಒಬ್ಬ ಬಿ.ಕಾಂ. ಹುಡುಗಿಗೆ ಕೊಟ್ಟರು. ರಿಬ್ಬನ್ನು ಸಹ ಅದೇ.

ಕೊನೆಗೆ ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ. ಕಲಬುರಗಿಗೆ ಹೋಗಿ ಕಾಲೇಜಿನ ಕಿಟಕಿಯಲ್ಲಿ ಸರ್ಟಿಫಿಕೇಟು ತೆಗೆದುಕೊಂಡೆ. ಗುಮಾಸ್ತ ತಲೆ ಎತ್ತಲಿಲ್ಲ, "ಮುಂದಿನವರು" ಎಂದ. ನನಗೆ ಅಷ್ಟು ಸಾಕಾಗಿತ್ತು.

ಮನೆ ಮುಟ್ಟುವುದರೊಳಗೆ ಡಾಕ್ಟರ ಫೋನು.

"ಭಾಳ ಖುಷಿ ಆಯ್ತು ನೋಡವಾ. ಆ ಸರ್ಟಿಫಿಕೇಟ ಭಾನುವಾರ ತಗೊಂಡು ಬಾ. ಸ್ಟೇಜಿನ ಮ್ಯಾಲ ನಾವು ಕೊಡ್ತೀವಿ."

"ಅದು ಕಾಲೇಜಿನವ್ರು ಕೊಟ್ಟಾರ್ರಿ ಸಾಬ್ರ."

"ಕೊಟ್ಟದ್ದನ್ನೇ ಮತ್ತ ಕೊಟ್ರ ನಿನಗೇನು ಲುಕ್ಸಾನ? ಅಪ್ಪ ಹೆಂಗಿದ್ದಾನ? ಸೋಮವಾರ ಸೂಜಿ ಅದ, ಮರೀಬ್ಯಾಡ್ರಿ."

ಈ ಎರಡು ಮಾತನ್ನು ಅವರು ಬೇಕೆಂದೇ ಜೋಡಿಸಿದರೋ, ಬಾಯಿಗೆ ಬಂದ ಹಾಗೆ ಹೇಳಿದರೋ, ಇವತ್ತಿಗೂ ಗೊತ್ತಿಲ್ಲ. ಅಪ್ಪನ ಉಸಿರು ಅವರ ಕೈಯಲ್ಲಿತ್ತು, ಅದು ಮಾತ್ರ ಗೊತ್ತಿತ್ತು. ಒಲ್ಲೆ ಎಂದು ಜಗಳ ಮಾಡುವ ಹಾಗಿಲ್ಲ. ಕೊಟ್ಟರೆ, ನಾನು ನಿಂತು ಓದಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಅವರದಾಗುತ್ತದೆ.

"ಹೋಗ್ತಿ ಏನು?" ಎಂದಳು ಅತ್ತಿ, ಮಷೀನು ತುಳಿಯುತ್ತಲೇ.

"ನಾ ಹೋಗ್ತೀನಿ. ಅದು ಬರಂಗಿಲ್ಲ."

ಕೆಂಪು ಫೈಲೊಂದನ್ನು ತೆಗೆದುಕೊಂಡು ಹೋದೆ. ಒಳಗೆ ಏನೂ ಇರಲಿಲ್ಲ. ಸರ್ಟಿಫಿಕೇಟು ಅತ್ತಿಯ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿತ್ತು.

ಪೆಂಡಾಲಿನಲ್ಲಿ ನನ್ನ ಹೆಸರು ಕೂಗಿದರು. ಡಾಕ್ಟರು ಮೈಕು ಹಿಡಿದು, "ಈ ಹುಡುಗೀನ ನಾವು ಓದಿಸೇವಿ, ಪಾದ್ರಿ ಸಾಹೇಬ್ರ ಆಶೀರ್ವಾದ," ಎಂದರು. ಫೈಲು ಮೊದಲು ಪಾದ್ರಿಗಳ ಕೈಗೆ ಹೋಯಿತು. ಪ್ರಾರ್ಥನೆ ಮಾಡುವ ಮೊದಲು ಅವರು ಅದನ್ನು ತೆರೆದರು. ಒಳಗೆ ನೋಡಿದರು. ನನ್ನ ಮುಖ ನೋಡಿದರು. ಸೋಮವಾರದ ಸೂಜಿ ನೆನಪಾಯಿತು. ಆದರೂ ನಾನು ತಲೆ ತಗ್ಗಿಸಲಿಲ್ಲ.

ಅವರು ಫೈಲು ಮುಚ್ಚಿದರು. ಕಣ್ಣು ಮುಚ್ಚಿ, ಆ ಖಾಲಿ ಫೈಲಿನ ಮೇಲೆ ಕೈಯಿಟ್ಟು, ಉದ್ದದ ಪ್ರಾರ್ಥನೆ ಮಾಡಿದರು. ಆಮೇಲೆ ಡಾಕ್ಟರ ಕೈಗೆ ಕೊಟ್ಟರು. ಡಾಕ್ಟರು ಅದನ್ನು ನನ್ನ ಕೈಗೆ ಕೊಟ್ಟರು. ವಾಡಿಯ ಫೋಟೋದವನು ಆ ಸಲ ಬಂದಿದ್ದ. "ಸ್ವಲ್ಪ ಮ್ಯಾಲ ಹಿಡೀರಿ," ಎಂದ. ಮೂವರೂ ಮೇಲೆ ಹಿಡಿದೆವು. ಮಂದಿ ಚಪ್ಪಾಳೆ ಹೊಡೆದರು.

ಇಳಿಯುವಾಗ ಪಾದ್ರಿಗಳು ಮೆಲ್ಲಗೆ ಕೇಳಿದರು, "ಅಸಲು ಮನ್ಯಾಗ ಅದೇನು?"

"ಹೌದ್ರಿ."

"ಇರಲಿ ಬಿಡು. ಫೋಟೋದಾಗ ಗೊತ್ತಾಗಂಗಿಲ್ಲ. ಡಾಕ್ಟ್ರಿಗಿ ಹೇಳಬ್ಯಾಡ, ಮನಸ್ಸಿಗಿ ಹಚ್ಕೋತಾರ."

ಗೆಳೆಯನ ಮನಸ್ಸಿಗೆ ನೋವಾಗಬಾರದೆಂಬ ಕಾಳಜಿ ಅದು. ದೇವರ ಹೆಸರಿನಲ್ಲಿ ಖಾಲಿ ರಟ್ಟಿನ ಮೇಲೆ ಕೈಯಿಟ್ಟು ಬಂದವರಿಗೆ ಬೇರೆ ಯಾವ ಸಂಕಟವೂ ಇರಲಿಲ್ಲ. ಸೋಮವಾರ ಅಪ್ಪನಿಗೆ ಸೂಜಿ ಆಯಿತು. ಪಡಸಾಲೆಯ ಗೋಡೆಗೆ ಆ ಫೋಟೋ ಆಗಲೇ ಬಂದಿತ್ತಂತೆ. ನಾನು ಈಗ ಚಿತ್ತಾಪುರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಆ ಫೋಟೋ ಇನ್ನೂ ಅಲ್ಲೇ ಇದೆ ಎಂದು ಊರಿನವರು ಹೇಳುತ್ತಾರೆ. ಇರಲಿ.

ಆ ಭಾನುವಾರ ಪೆಂಡಾಲಿನಿಂದ ನೇರ ಮನೆಗೆ ಬಂದಿದ್ದೆ. ಅಪ್ಪ ಹೊರಸಿನ ಮೇಲೆ ದಿಂಬಿಗೆ ಒರಗಿದ್ದ. ಅತ್ತಿ ಯಾರದೋ ಲಂಗ ಹೊಲಿಯುತ್ತಿದ್ದಳು. ಟ್ರಂಕು ತೆಗೆದು, ಸೀರೆಗಳ ಅಡಿಯಿಂದ ಸರ್ಟಿಫಿಕೇಟು ತೆಗೆದು ಅವಳ ಕೈಯಲ್ಲಿಟ್ಟೆ. ಅವಳು ತುಳಿಯುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಅದನ್ನು ಬೆಳಕಿಗೆ ಹಿಡಿದು ಬಟ್ಟೆಯ ನೇಯ್ಗೆ ನೋಡುವ ಹಾಗೆ ನೋಡಿದಳು.

"ಇದನ್ನ ವಾಪಸ್ ಒಯ್ಯಲಕ ಆಟೋ ಬರಂಗಿಲ್ಲಲ್ಲ?"

"ಇಲ್ಲತ್ತಿ."

"ಹಂಗಾದ್ರ ನಮ್ದೇ ಅದ," ಎಂದಳು.