ಮಧ್ಯಾಹ್ನ ಕೈಕೊಡುವ ಕಾರು

ಭಾನುವಾರ ಬಂದು ಕಾರು ತಗೊಂಡು ಹೋಗು ಅಂತ ನಮ್ಮ ಯಜಮಾನರು ಅವರ ಸ್ನೇಹಿತನಿಗೆ ಮಾತು ಕೊಟ್ಟುಬಿಟ್ಟಿದ್ದರು. ನನ್ನನ್ನು ಕೇಳಿದ್ದರೆ ತಾನೆ! ಹುಣಸೂರಿನಲ್ಲಿ ಬಟ್ಟೆ ಕತ್ತರಿಸಿ, ಹಾರನಹಳ್ಳಿ ಸುತ್ತಿನ ಹೆಂಗಸರಿಗೆ ಹೊಲಿಯಲು ಕೊಟ್ಟು, ಶಾಲೆ ಯೂನಿಫಾರಂ ಮಾಡಿಸುವವಳು ನಾನು. ಆ ದುಡ್ಡಲ್ಲೇ ತಗೊಂಡ ಸೆಕೆಂಡ್ ಹ್ಯಾಂಡ್ ಕಾರು ಅದು. ಕಾಗದ ಮಾತ್ರ ಅವರ ಹೆಸರಲ್ಲಿ. ಅದಕ್ಕೆ ಮುಂಚೆ ಬಟ್ಟೆ ಗಂಟು ಹೊತ್ತು ಬಸ್ ಹತ್ತಿ, ಕಂಡಕ್ಟರ್ ಹತ್ರ ಜಗಳ ಆಡಿ ಆಡಿ ಗಂಟಲು ಹೋಗಿತ್ತು. ಆ ಪಾಡಿಗೆ ಮತ್ತೆ ಹೋಗೋಳಲ್ಲ ನಾನು.

ಅವರ ಸಿಟ್ಟಿಗೂ ಕಾರಣ ಇತ್ತು, ಸುಳ್ಳು ಹೇಳಬಾರದು. ಕಾರು ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗೋದು. ಮಧ್ಯಾಹ್ನ ಬಿಸಿಲಲ್ಲಿ ವಾಪಸ್ ಬರುವಾಗ ದಾರೀಲೇ ಆಫ್. ಆಮೇಲೆ ಕೀ ತಿರುಗಿಸಿದರೆ ಕರಕರ ಅನ್ನೋದೇ ಹೊರತು ಎಂಜಿನ್ ಹಿಡಿಯೋದಿಲ್ಲ. ಅರ್ಧ ಗಂಟೆ ಮರದ ಕೆಳಗೆ ನಿಲ್ಲಿಸಿದರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡೋದು. ಹುಣಸೂರಿನ ಗ್ಯಾರೇಜಲ್ಲಿ ಪ್ಲಗ್ ಬದಲಾಯಿಸಿದರು, ಬ್ಯಾಟರಿ ಬದಲಾಯಿಸಿದರು. ದಾರಿಹೋಕರಂತೂ "ಚೋಕ್ ಎಳೀರಿ ಅಕ್ಕ" ಅನ್ನೋರು. ಚೋಕೇ ಇಲ್ಲದ ಕಾರಲ್ಲಿ ಏನು ಎಳೆಯೋದು, ನನ್ನ ತಲೇನಾ? ಯಜಮಾನರದ್ದು ಮಾತ್ರ ಒಂದೇ ರಾಗ: "ಶನಿ ಕಣೇ ಇದು, ಮಾರ್ಬುಟ್ರೆ ನೆಮ್ದಿ."

ಆ ವಾರ ಪಿರಿಯಾಪಟ್ಟಣದ ಹತ್ತಿರ ಮತ್ತೆ ನಿಂತಿತು. ಹಿಂದಿನ ಸೀಟಿನ ತುಂಬ ಚಡ್ಡಿ, ಶರ್ಟಿನ ಗಂಟು. ನನಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ಬಾಗಿಲು ತೆಗೆದು ಸೀಟಿನ ಬುಡಕ್ಕೆ ಜಾಡಿಸಿ ಒದ್ದೆ. "ಮಾರ್ತಾರಂತೆ ನಿನ್ನ! ಆಗ್ಲಾದ್ರೂ ಬುದ್ಧಿ ಬತ್ತದಾ?" ಅಂತ ಬೈದು ಬಂದು ಕೀ ತಿರುಗಿಸಿದೆ. ಹಿಂದಿನಿಂದ ಗುಯ್ ಅಂತ ಸಣ್ಣ ಸದ್ದು ಬಂತು. ಎಂಜಿನ್ ಹಿಡೀತು!

ಆ ಸದ್ದು ದಿನಾ ಬೆಳಗ್ಗೆ ಕೇಳೋದೇ. ಕಾರು ನಿಂತಾಗ ಮಾತ್ರ ಅದು ಇರುತ್ತಿರಲಿಲ್ಲ ಅಂತ ಆಗ ಹೊಳೆಯಿತು. ಮಾರನೇ ದಿನ ಬೇಕಂತಲೇ ಯಜಮಾನರನ್ನೂ ಕೂರಿಸಿಕೊಂಡು ಹೋದೆ. ವಾಪಸ್ ಬರುವಾಗ ನಿಂತಿತು. ಕೀ ತಿರುಗಿಸಿದೆ, ಸದ್ದಿಲ್ಲ.

"ರೀ, ಇಳಿದು ಹಿಂದಿನ ಸೀಟಿನ ಬುಡಕ್ಕೆ ಒದೀರಿ."

"ತಲೆಗಿಲೆ ಕೆಟ್ಟದಾ ನಿಂಗೆ?"

"ಒದೀರಿ ಅಂದ್ರೆ ಒದೀರಿ!"

ಒದ್ದರು. ಕೀ ತಿರುಗಿಸಿದೆ, ಗುಯ್ ಅಂತು, ಹೊರಟಿತು. ಅವರು ಓಡಿ ಬಂದು ಹತ್ತಿಕೊಂಡರು.

ನೇರ ಪಿರಿಯಾಪಟ್ಟಣದ ಭಾಯ್ ಒಬ್ಬರ ಗ್ಯಾರೇಜಿಗೆ ಬಿಟ್ಟೆ. ನಾನು ಹೇಳಿದ್ದು ಕೇಳಿ ಅವರು ಹಿಂದಿನ ಸೀಟು ಎತ್ತಿ, ಅಡಿಯ ಮುಚ್ಚಳ ಬಿಚ್ಚಿ, ಟ್ಯಾಂಕಿನೊಳಗಿಂದ ಪೆಟ್ರೋಲ್ ತಳ್ಳೋ ಮೋಟ್ರು ಹೊರಗೆ ತೆಗೆದರು. "ಸರಿಯಾಗಿ ಹಿಡಿದಿದ್ದೀರಾ ಅಕ್ಕ, ಇದೇ ಹೋಗಿರೋದು. ಬಿಸಿಯಾದ್ರೆ ತಿರುಗದೆ ಹಿಡ್ಕೊಂಡುಬಿಡ್ತದೆ, ಏಟು ಬಿದ್ರೆ ಬಿಡ್ತದೆ. ಪೆಟ್ರೋಲಲ್ಲಿ ಮುಳುಗಿದ್ರೇನೇ ಇದು ತಣ್ಣಗಿರೋದು. ಟ್ಯಾಂಕು ಯಾವಾಗ್ಲೂ ಖಾಲಿ ಇಟ್ಟು ಓಡಿಸ್ತೀರಾ?"

ನಾನು ಯಜಮಾನರ ಕಡೆ ತಿರುಗಿದೆ. ಬಂಕಿಗೆ ಹೋಗೋದು ಅವರ ಕೆಲಸ. ಮೊಪೆಡ್ ಇದ್ದ ಕಾಲದಿಂದಲೂ ಅವರದ್ದು ಒಂದೇ ಪದ್ಧತಿ, ಅವತ್ತಿಗೆ ಎಷ್ಟು ಬೇಕೋ ಅಷ್ಟೇ. ತುಂಬಿಸಿದರೆ ಭಾರ, ಮೈಲೇಜ್ ಬರಲ್ಲವಂತೆ. ಪೆಟ್ರೋಲ್ ಮುಳ್ಳು ಮೇಲೆದ್ದಿದ್ದನ್ನು ನಾನು ನೋಡಿಯೇ ಇರಲಿಲ್ಲ. "ಕೇಳಿಸ್ತಾ? ಯಾರು ಶನಿ?" ಅಂದೆ. ಅವರು ಗೋಡೆಗೆ ನೇತುಹಾಕಿದ್ದ ಸ್ಪ್ಯಾನರ್ ನೋಡುತ್ತಾ ನಿಂತರು. ನನಗೆ ಎಂಥ ಖುಷಿ ಅಂತೀರಿ! ಹೊಸ ಮೋಟ್ರು ಹಾಕಿಸಿಕೊಂಡು ದಾರಿಯುದ್ದಕ್ಕೂ ಅವರನ್ನು ಗೋಳು ಹುಯ್ದುಕೊಂಡೇ ಮನೆಗೆ ಬಂದೆ.

ಆ ಖುಷಿ ಭಾನುವಾರದವರೆಗೆ. ಸ್ನೇಹಿತ ಬಂದು ಕೀ ತಿರುಗಿಸಿದ, ಒಂದೇ ಸಲಕ್ಕೆ ಸ್ಟಾರ್ಟ್. ಬಿಸಿಲಲ್ಲಿ ಕೆ.ಆರ್. ನಗರದ ದಾರಿಯಲ್ಲಿ ದೂರ ಹೋಗಿ ಬಂದ, ಎಲ್ಲೂ ನಿಲ್ಲಲಿಲ್ಲ. "ಏನ್ಲಾ, ಕೆಟ್ಟೋಗದೆ ಅಂದಿದ್ದೆ, ಬಂಗಾರದಂಗದೆ! ಈಗ್ಲೇ ತಗೊಂಡೋಯ್ತೀನಿ" ಅಂದ. ಕೆಟ್ಟಿದ್ದರೆ ಬೇಡ ಅಂತಲಾದರೂ ಹೋಗುತ್ತಿದ್ದ. ರಿಪೇರಿ ಮಾಡಿಸಿ ನಾನೇ ಅವನ ಕೈಗೆ ಒಪ್ಪಿಸಿದಂತಾಯಿತಲ್ಲ! ಕೊಟ್ಟ ಮಾತು ತಪ್ಪೋ ಜನ ಅಲ್ಲ ನಮ್ಮ ಯಜಮಾನರು.

ಅವರು ಅವನ ಕೈಯಿಂದ ಕೀ ಇಸ್ಕೊಂಡರು. "ಕಾಗದ ನನ್ನೆಸ್ರಲ್ಲದೆ ಕಣ್ಲಾ, ಗಾಡಿ ಅವಳ್ದು. ಕೇಳ್ದೆ ಮಾತು ಕೊಟ್ಬುಟ್ಟೆ, ತಪ್ಪಾಯ್ತು. ಅವಳ್ನೇ ಕೇಳು."

ಅವನು ನನ್ನ ಕಡೆ ತಿರುಗಿದ. "ಏನಂತೀರಿ ಅತ್ತಿಗೆ? ಕೊಡ್ತೀರಾ?"

ಇಬ್ಬರಿಗೂ ಮಂಗಳಾರತಿ ಎತ್ತಬೇಕು ಅಂತ ವಾರವೆಲ್ಲ ಬೈಗುಳ ಕೂಡಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಕೊಡಲ್ಲ" ಅಂದೆ.